ಅಂಗಡಿ ಕಚೇರಿಗಳ ನೌಕರರೂ ವಾರದ ರಜೆಯೂ

ಕನ್ನಡ ನಾಡಿನ ಅನೇಕ ಹಳ್ಳಿಗಳಲ್ಲಿ ಸೋಮವಾರದ ದಿನ ಎತ್ತುಗಳ ಹೆಗಲಿಗೆ ನೊಗವಿಡದ ವಾಡಿಕೆಯುಂಟು. ದುಡಿಯುವ ಪಶುವಿಗೂ ವಾರದಲ್ಲೊಂದು ದಿನ ಬಿಡುವು ಬೇಕೆಂಬುದನ್ನು ನಮ್ಮ ರೈತನು ಯಾವ ಶಾಸನದ ನೆರವೂ ಇಲ್ಲದೆ ಅರಿತಿದ್ದನು. ಆದರೆ ಪೇಟೆಯ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಆಳಿಗೂ ಕೀರ್ದಿ ಬರೆಯುವ ಗುಮಾಸ್ತನಿಗೂ ಆ ಭಾಗ್ಯವು ಬಹುಕಾಲ ಒದಗಲಿಲ್ಲ.

ಅದು ಮೊದಲು ಒದಗಿದುದು ಗಿರಣಿ ಕಾರ್ಮಿಕರಿಗೆ. ಮುಂಬಯಿಯಲ್ಲಿ ‘ದೀನಬಂಧು’ ಪತ್ರಿಕೆಯನ್ನು ನಡೆಸುತ್ತಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಕಾರ್ಮಿಕರನ್ನು ಸಂಘಟಿಸಿ ಭಾನುವಾರದ ರಜೆಗಾಗಿ ಬೇಡಿಕೆಯಿತ್ತರು. 1890ರಲ್ಲಿ ಗಿರಣಿ ಮಾಲೀಕರು ಅದಕ್ಕೆ ಒಪ್ಪಿದರು. 1891ರ ಕಾರ್ಖಾನೆ ಕಾನೂನು ವಾರದ ರಜೆಯನ್ನು ವಿಧಿಸಿತು. ಅಂಗಡಿಯ ಆಳು ಇದಕ್ಕಾಗಿ ಮತ್ತೆ ಅರ್ಧ ಶತಮಾನ ಕಾಯಬೇಕಾಯಿತು. ಕಾರಣವು ದೂರದಲ್ಲಿಲ್ಲ. ಗಿರಣಿಯಲ್ಲಿ ಸಾವಿರಾರು ಜನ ಒಂದೇ ಬಾಗಿಲಿನಿಂದ ಹೊರಬೀಳುತ್ತಾರೆ; ಅಂಗಡಿಯಲ್ಲಿರುವವರು ಇಬ್ಬರು ಮೂವರು. ಅವರಲ್ಲಿ ಒಬ್ಬನು ಯಜಮಾನನ ನೆಂಟ, ಇನ್ನೊಬ್ಬನು ಅವನ ಮನೆಯಲ್ಲಿಯೇ ಉಂಡು ಮಲಗುವ ಹುಡುಗ. ಅಂಥವನು ರಜೆಯನ್ನು ಯಾವ ಬಾಯಿಂದ ಕೇಳಿಯಾನು?

ಮುಂಬಯಿ ಪ್ರಾಂತವು 1939ರಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನನ್ನು ರಚಿಸಿತು. ಇಡೀ ದೇಶವನ್ನು ಉದ್ದೇಶಿಸಿ ಬಂದ 1942ರ ವಾರದ ರಜೆಗಳ ಅಧಿನಿಯಮವು ಅತ್ಯಂತ ಚಿಕ್ಕದು. ಆದರೂ ಅದರಲ್ಲಿ ಗಮನಿಸತಕ್ಕ ಒಂದು ವಿವೇಕವಿದೆ. ಅಂಗಡಿಯು ವಾರದಲ್ಲಿ ಒಂದು ದಿನ ಪೂರ್ತಿ ಮುಚ್ಚಿರಬೇಕೆಂಬುದು ಅದರ ಒಂದು ವಿಧಿ. ಅಂಗಡಿ, ಉಪಾಹಾರ ಗೃಹ, ನಾಟಕಶಾಲೆಗಳ ನೌಕರನಿಗೆ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಬೇಕೆಂಬುದು ಬೇರೆಯೇ ವಿಧಿ. ಆ ದಿನದ ಸಂಬಳವನ್ನು ಕಡಿತ ಮಾಡಕೂಡದೆಂಬುದು ಮೂರನೆಯದು. ಈ ಮೂರನೆಯದಿಲ್ಲದಿದ್ದರೆ ಮೊದಲೆರಡೂ ವ್ಯರ್ಥವೇ ಸರಿ; ಕೂಲಿ ತಪ್ಪುವ ರಜೆಯನ್ನು ಬಡವನು ತಾನಾಗಿ ಬಿಟ್ಟುಕೊಡುತ್ತಾನೆ. ಆದರೆ ಈ ಅಧಿನಿಯಮವು ಜಾರಿಗೆ ಬರುವುದು ರಾಜ್ಯವು ಪ್ರಕಟಣೆ ಹೊರಡಿಸಿದಲ್ಲಿ ಮಾತ್ರ.

1956ರಲ್ಲಿ ನಾಡು ಒಂದುಗೂಡಿದಾಗ ಮುಂಬಯಿ, ಹೈದರಾಬಾದು, ಮದ್ರಾಸು, ಮೈಸೂರುಗಳ ಬೇರೆ ಬೇರೆ ಅಂಗಡಿ ಕಾನೂನುಗಳೂ ಅದರೊಡನೆ ಬಂದವು. ಅವುಗಳ ಸ್ಥಾನದಲ್ಲಿ ನೆಲೆಗೊಂಡುದು ಇಂದು ಕರ್ನಾಟಕದ ಹೆಸರನ್ನು ಹೊತ್ತಿರುವ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ.

ಇದಕ್ಕೆ ಮುಂಚೆ, 1957ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವ್ಯಾಪಾರ ಮತ್ತು ಕಚೇರಿಗಳ ನೌಕರರಿಗಾಗಿಯೇ 106ನೆಯ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಪ್ರತಿ ಏಳು ದಿನಗಳಲ್ಲಿ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಇರಬೇಕು. ಸಾಧ್ಯವಾದೆಡೆ ಅದು ಎಲ್ಲರಿಗೂ ಒಂದೇ ದಿನ, ನಾಡಿನ ಸಂಪ್ರದಾಯದ ದಿನದಂದೇ ಒದಗಬೇಕೆಂದು ಅದು ಹೇಳುತ್ತದೆ. ಕಾರ್ಖಾನೆಗಳಿಗೆ ಸಂಬಂಧಿಸಿದ 1921ರ ಒಡಂಬಡಿಕೆಯನ್ನು ಭಾರತವು 1923ರಲ್ಲಿಯೇ ಒಪ್ಪಿದ್ದರೂ ಇದಕ್ಕೆ ಸಮ್ಮತಿಯನ್ನಿತ್ತಿಲ್ಲ.

ಒಂದೇ ದಿನದ ರಜೆಯ ಬೆಲೆ ಈಚೆಗೆ ಹೆಚ್ಚಾಗಿ ತಿಳಿಯುತ್ತಿದೆ. ಹತ್ತು ಅಥವಾ ಹೆಚ್ಚು ನೌಕರರುಳ್ಳ ಅಂಗಡಿಗಳು ವರ್ಷದ ಎಲ್ಲ ದಿನಗಳಲ್ಲಿಯೂ ಹಗಲಿರುಳು ತೆರೆದಿರಬಹುದೆಂದು ಕರ್ನಾಟಕ ಸರ್ಕಾರವು 2021ರ ಜನವರಿಯಲ್ಲಿ ಮೂರು ವರ್ಷಗಳ ಅವಧಿಗೆ ಅನುಮತಿಯಿತ್ತಿತು. ಅನಂತರ ಅದನ್ನು ಮುಂದುವರಿಸಲಾಯಿತು. ಪ್ರತಿ ನೌಕರನಿಗೂ ಸರದಿಯ ಮೇಲೆ ವಾರಕ್ಕೊಂದು ರಜೆ ಕೊಡಬೇಕು, ಅದಕ್ಕಾಗಿ ಹೆಚ್ಚಿನ ಸಿಬ್ಬಂದಿಯನ್ನು ನೇಮಿಸಬೇಕು, ರಜೆಯಲ್ಲಿರುವವರ ಹೆಸರನ್ನು ಪ್ರತಿದಿನ ಕಾಣುವಂತೆ ತೂಗುಹಾಕಬೇಕು ಎಂಬ ಷರತ್ತುಗಳು ಅದರಲ್ಲಿದ್ದವು.

ಷರತ್ತುಗಳು ಒಳ್ಳೆಯವೇ. ಆದರೆ ಮುಚ್ಚಿದ ಬಾಗಿಲನ್ನು ಬೀದಿಯಲ್ಲಿ ಹೋಗುವ ಯಾರಾದರೂ ಕಾಣಬಹುದಾಗಿತ್ತು. ರಜೆಯ ದಿನ ಅಂಗಡಿ ತೆರೆದರೆ ನೆರೆಯ ವ್ಯಾಪಾರಿಯೇ ದೂರುತ್ತಿದ್ದನು. ಸರದಿಯ ರಜೆಗೆ ಅಂಥ ಸಾಕ್ಷಿಯಿಲ್ಲ. ಗಿರಾಕಿಗೆ ಅಂಗಡಿ ಎಂದಿನಂತೆ ತೆರೆದೇ ಇರುತ್ತದೆ. ಎದುರಿಗೆ ನಿಂತ ಹುಡುಗನು ಆರನೆಯ ದಿನ ದುಡಿಯುತ್ತಿರುವನೋ ಹನ್ನೆರಡನೆಯ ದಿನವೋ ತಿಳಿಯುವುದಿಲ್ಲ. ತಿಳಿಸಬೇಕಾದುದು ಗೋಡೆಯ ಮೇಲಿನ ಆ ಪಟ್ಟಿಯೊಂದೇ. ಅದನ್ನು ಬರೆಯುವವನಾದರೋ ಯಜಮಾನನೇ.