ವಿದ್ಯಾರ್ಥಿಸಂಘಕ್ಕೆ ಹೆಸರು ಕೊಡುವ ಮೊದಲು

ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಕೆಲವು ವಾರಗಳಲ್ಲಿಯೇ ವಿದ್ಯಾರ್ಥಿಸಂಘಕ್ಕೆ ಪ್ರತಿನಿಧಿಗಳನ್ನು ಆರಿಸುವ ಪ್ರಕಟಣೆಯು ಹೊರಬೀಳುತ್ತದೆ. ಆಗ ಪ್ರೌಢಶಾಲೆಯ ವಿದ್ಯಾರ್ಥಿಗಳ ಮನಸ್ಸು ಎರಡಾಗುವುದು ಸಹಜ. ಎದೆಯ ಮೇಲೆ ಬಿಲ್ಲೆ ಧರಿಸಿ ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲುವ ಆಸೆ ಒಂದು ಕಡೆ, "ಹೊಟ್ಟೆಪಾಡಿಗೆ ಬಂದವರು ನಾವು, ನಮಗೇಕೆ ಊರ ಉಸಾಬರಿ? ನಿನ್ನ ಪರೀಕ್ಷೆಯನ್ನು ನೀನು ನೋಡಿಕೊ" ಎಂಬ ತಂದೆತಾಯಿಗಳ ಮಾತು ಇನ್ನೊಂದು ಕಡೆ. ತೀರ್ಮಾನಕ್ಕೆ ಇವೆರಡರಲ್ಲಿ ಯಾವುದೂ ಸಾಲದು.

ಸಂಘದ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ಶಾಲೆಯನ್ನು ಆಳುವ ಅಧಿಕಾರವೇನೂ ಅದಕ್ಕಿಲ್ಲ. ಪಾಠ, ಶುಲ್ಕ, ಪರೀಕ್ಷೆಗಳು ಮುಖ್ಯೋಪಾಧ್ಯಾಯರ ಮತ್ತು ಆಡಳಿತ ಮಂಡಲಿಯ ಕೈಯಲ್ಲಿರತಕ್ಕವು. ಕುಡಿಯುವ ನೀರು, ಶೌಚಗೃಹದ ಶುಚಿ, ವಾಚನಾಲಯದ ವೇಳೆ, ಆಟದ ಸಾಮಾನು, ನವರಾತ್ರಿಯ ಗರ್ಬಾ, ಸೆಪ್ಟೆಂಬರ್ 5ರಂದು ಗುಜರಾತಿನ ಅನೇಕ ಶಾಲೆಗಳಲ್ಲಿ ವಿದ್ಯಾರ್ಥಿಗಳೇ ಪಾಠ ಹೇಳುವ 'ಸ್ವಯಂ ಶಿಕ್ಷಕ ದಿನ', ಉತ್ತರಾಯಣ ಕಳೆದ ಮೇಲೆ ಮರಗಳಿಗೆ ಸಿಕ್ಕಿಕೊಂಡು ಹಕ್ಕಿಗಳ ರೆಕ್ಕೆ ಕೊಯ್ಯುವ ಗಾಳಿಪಟದ ದಾರವನ್ನು ಆಯ್ದು ತೆಗೆಯುವುದು, ಇಂಥವು ಸಂಘದ ಪಾಲಿನವು. ಕೇಳುವುದಕ್ಕೆ ಇವು ಸಣ್ಣ ಸಂಗತಿಗಳು. ಆದರೆ ನಲ್ಲಿಯಲ್ಲಿ ನೀರು ಬಾರದ ದಿನ ಐದನೆಯ ತರಗತಿಯ ಮಗುವಿಗೆ ಇದಕ್ಕಿಂತ ದೊಡ್ಡ ಸಂಗತಿ ಯಾವುದಿದೆ? ಮುಖ್ಯೋಪಾಧ್ಯಾಯರ ಕೋಣೆಯ ಹೊಸ್ತಿಲು ತುಳಿಯಲು ಅದು ಅಂಜುತ್ತದೆ. ಅದರ ಪರವಾಗಿ ಒಳಗೆ ಹೋಗಿ ಹೇಳುವುದೇ ಪ್ರತಿನಿಧಿಯ ಕೆಲಸ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಹೇಳುತ್ತದೆ; ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು.

ಹೀಗಿರುವಲ್ಲಿ "ನಾನು ನಾಯಕನಾಗಬಲ್ಲೆನೆ?" ಎಂದು ಕೇಳಿಕೊಂಡು ಫಲವಿಲ್ಲ. "ನಾನು ಹಿಡಿದು ಮುಗಿಸಬೇಕೆಂದಿರುವ ಕೆಲಸ ಯಾವುದು?" ಎಂದು ಕೇಳಿಕೊಳ್ಳಬೇಕು. ವಲ್ಲಭಭಾಯಿ ಪಟೇಲರು ನಡಿಯಾದಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಒಬ್ಬ ಉಪಾಧ್ಯಾಯರು ಪುಸ್ತಕ, ಕಾಗದ, ಪೆನ್ಸಿಲುಗಳನ್ನು ತಮ್ಮಲ್ಲಿಯೇ ಕೊಳ್ಳಬೇಕೆಂದು ಹುಡುಗರನ್ನು ಒತ್ತಾಯಪಡಿಸುತ್ತಿದ್ದರಂತೆ. ವಲ್ಲಭಭಾಯಿ ಹುಡುಗರನ್ನು ಒಟ್ಟುಗೂಡಿಸಿ ತರಗತಿಗಳನ್ನು ಬಿಡಿಸಿದರು. ಕೆಲವು ದಿನಗಳಲ್ಲಿ ಒತ್ತಾಯವು ನಿಂತಿತು. ಆಗ ಅವರ ಎದೆಯ ಮೇಲೆ ಯಾವ ಬಿಲ್ಲೆಯೂ ಇರಲಿಲ್ಲ, ಕೈಯಲ್ಲಿ ವಿಷಯವಿತ್ತು. ಮುಂದೆ 1917ರಲ್ಲಿ ಅವರು ಅಹಮದಾಬಾದಿನ ಪುರಸಭೆಗೆ ಆಯ್ಕೆಯಾದಾಗಲೂ ಕೈಗೆತ್ತಿಕೊಂಡದ್ದು ನೈರ್ಮಲ್ಯ ಸಮಿತಿಯ ಕೆಲಸವನ್ನು, ಎಂದರೆ ಚರಂಡಿಯನ್ನು ಮತ್ತು ಕಸವನ್ನು. ಅಧ್ಯಕ್ಷಪದವಿ ಬಂದದ್ದು 1924ರಲ್ಲಿ.

ಹಿರಿಯರ ಅಂಜಿಕೆಗೂ ಈ ನಾಡಿನಲ್ಲಿ ಕಾರಣವಿಲ್ಲದಿಲ್ಲ. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಊಟದ ಖರ್ಚು ಏರಿದುದಕ್ಕೆ ಎದ್ದ ಕೂಗು, ಬೆಲೆಯೇರಿಕೆಯಿಂದ ಬೆಂದಿದ್ದ ಜನರ ಸಿಟ್ಟಿನೊಡನೆ ಬೆರೆತು ನವನಿರ್ಮಾಣ ಚಳವಳಿಯಾಯಿತು. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನಭಾಯಿ ಪಟೇಲರು ರಾಜೀನಾಮೆಯಿತ್ತರು. ಮಾರ್ಚಿಯಲ್ಲಿ ವಿಧಾನಸಭೆಯೂ ವಿಸರ್ಜನೆಯಾಯಿತು. ಅದರ ನಡುವೆ ಗುಂಡಿಗೆ ಬಿದ್ದ ಪ್ರಾಣಗಳೂ, ಕೆಟ್ಟ ಓದೂ ಕಡಮೆಯಲ್ಲ. ಇದನ್ನು ಕಂಡವರು 'ಸಂಘ'ವೆಂಬ ಶಬ್ದಕ್ಕೇ ಬೆದರಿದರೆ ಅವರನ್ನು ಹಳಿಯಲಾಗದು. ಆದರೆ ಊಟದ ದೂರು ಊಟದ ದೂರಾಗಿರುವಾಗಲೇ ಅದನ್ನು ಕೇಳುವ ಒಂದು ಸ್ಥಳವಿರಬೇಕೆಂಬುದೂ ಅದೇ ಕಥೆಯಿಂದ ತಿಳಿಯುತ್ತದೆಂದು ನನ್ನ ಅಭಿಪ್ರಾಯ.

ಇನ್ನು ಓದಿನ ಮಾತು. ಕಾಲೇಜು ಚುನಾವಣೆಗಳಿಗಾಗಿ ಲಿಂಗ್ಡೋ ಸಮಿತಿಯು 2006ರಲ್ಲಿ ಮಾಡಿದ ಶಿಫಾರಸುಗಳಂತೆ, ಸ್ಪರ್ಧಿಸುವವರಿಗೆ ಶೇಕಡಾ 75ರಷ್ಟು ಹಾಜರಿ ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿಯಿರಕೂಡದು, ಅಚ್ಚು ಹಾಕಿಸಿದ ಭಿತ್ತಿಪತ್ರಗಳನ್ನು ಬಳಸಕೂಡದು. ಶಾಲೆಗೆ ಈ ನಿಯಮಗಳು ಅನ್ವಯಿಸವು. ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ವಾರದ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದು ನೋಡಿರಿ. ಮೂರು ಗಂಟೆ ಬಿಡುವು ಸಿಕ್ಕದವರು ಈ ವರ್ಷ ಸುಮ್ಮನಿರುವುದು ಲೇಸು. ಒಂಬತ್ತನೆಯ ತರಗತಿಯವರು ಧಾರಾಳವಾಗಿ ಮುಂದೆ ಬರಲಿ. ಹತ್ತನೆಯವರು ದೀಪಾವಳಿಯೊಳಗೆ ಮುಗಿಯುವ ಹೊಣೆಯನ್ನಷ್ಟೇ ಹೊರಲಿ.

ನಮ್ಮ ಮಕ್ಕಳಲ್ಲಿ ಬಹಳ ಮಂದಿ ಹಿಂಜರಿಯುವುದು ವೇಳೆಗಾಗಿ ಅಲ್ಲ, ಮಾತಿಗಾಗಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಕಚೇರಿಯಲ್ಲಿ ಹಿಂದಿ. ಯಾವುದರಲ್ಲಿಯೂ ಭಾಷಣ ಮಾಡಲು ಬಾರದೆಂಬ ಸಂಕೋಚ. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ಎಷ್ಟು ಕನ್ನಡ ಮನೆಗಳಲ್ಲಿ ತಾಯಿಯ ಜೊತೆ ಪಡಿತರದ ಅಂಗಡಿಗೆ ಹೋಗಿ, ತಾಯಿಯ ಮಾತನ್ನು ಗುಜರಾತಿಯಲ್ಲಿ ಹೇಳಿ, ಅಂಗಡಿಯವನ ಉತ್ತರವನ್ನು ಕನ್ನಡದಲ್ಲಿ ತಿಳಿಸುವ ಹುಡುಗಿಯರಿಲ್ಲ! ಸಕ್ಕರೆಯ ತೂಕ ಕಡಮೆಯಾದರೆ ಆ ಹುಡುಗಿ ಅಂಜದೆ ಕೇಳುತ್ತಾಳೆ. ಪ್ರತಿನಿಧಿಯ ಕೆಲಸವನ್ನು ಅವಳು ಎಂಟನೆಯ ವಯಸ್ಸಿನಿಂದಲೇ ಮಾಡುತ್ತಿದ್ದಾಳೆ. ಭಾಷಣ ಮಾಡುವವರು ಸಂಘಕ್ಕೆ ಇಬ್ಬರಿದ್ದರೆ ಸಾಕು. ತೂಕ ನೋಡುವವರು ಹೆಚ್ಚು ಬೇಕು.

ಹೆಸರು ಕೊಡದೆ ಉಳಿದವರೂ, ಆಯ್ಕೆಯಾಗದವರೂ ಸಂಘದ ಸಭೆ ಯಾವ ದಿನ, ದೂರಿನ ಪುಸ್ತಕ ಯಾರ ಬಳಿಯಲ್ಲಿದೆ ಎಂಬುದನ್ನು ತಿಳಿದಿರತಕ್ಕದ್ದು. ದೂರು ಬರೆದರೆ ಕೆಳಗೆ ತಾರೀಖು ಹಾಕಿರಿ. ಮುಂದಿನ ಸಭೆಯ ಹೊತ್ತಿಗೆ ಅದೇನಾಯಿತೆಂದು ನಿಮ್ಮ ಪ್ರತಿನಿಧಿಯನ್ನು ಕೇಳಿರಿ.