ನಿಮಗಿದು ಗೊತ್ತೆ? ಕಾರ್ಮೆಲ್ ಗಿರಿಯನ್ನೇರಿದ ಮೈಸೂರು ರಾವುತರು

ಇಸ್ರೇಲಿನ ಬಂದರು ಪಟ್ಟಣವಾದ ಹೈಫಾದಲ್ಲಿ, ಆ ಊರನ್ನು ಆಟೊಮನ್ ತುರ್ಕರ ಆಳ್ವಿಕೆಯಿಂದ ಬಿಡಿಸಿದ ಪರದೇಶದ ಯೋಧರ ಸ್ಮರಣೆಗೆ ಮೀಸಲಾದ ಸ್ಮಶಾನಭೂಮಿಯೊಂದುಂಟು. ಆ ಪರದೇಶದವರು ಭಾರತೀಯರು, ಅವರಲ್ಲಿ ನಮ್ಮ ಮೈಸೂರು ಸಂಸ್ಥಾನದ ರಾವುತರೂ ಇದ್ದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ನೆಯ ಸೆಪ್ಟೆಂಬರ್ 23ರಂದು, ಒಂದು ಪಾರ್ಶ್ವದಲ್ಲಿ ಕಡಿದಾದ ಕಾರ್ಮೆಲ್ ಗಿರಿಯೂ ಮತ್ತೊಂದರಲ್ಲಿ ಕುದುರೆಯ ಕಾಲನ್ನೇ ನುಂಗುವ ಉಸುಬಿನ ದಂಡೆಯುಳ್ಳ ಕಿಶೋನ್ ನದಿಯೂ ಇದ್ದ ಇಕ್ಕಟ್ಟಿನ ಹಾದಿಯಲ್ಲಿ ಜೋಧಪುರದ ಅಶ್ವದಳವು ಮೆಷಿನ್‌ಗನ್ನುಗಳಿಗೆ ಎದುರಾಗಿ ಭರ್ಜಿ ಹಿಡಿದು ನುಗ್ಗಬೇಕಾಗಿದ್ದಾಗ, ಗಿರಿಯ ಮೇಲಿನಿಂದ ಗುಂಡು ಕಾರುತ್ತಿದ್ದ ಫಿರಂಗಿಗಳನ್ನು ಅಡಗಿಸುವ ಭಾರ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಒಂದು ತುಕಡಿಯ ಪಾಲಿಗೆ ಬಂದಿತು. ಏರುದಾರಿಯಲ್ಲಿ ಕುದುರೆಗಳು ಬಸವಳಿದು ಕುಂಟತೊಡಗಿದುದರಿಂದ, ಕಡೆಯ ದಾಳಿಗೆ ಸವಾರರಾಗಿ ಉಳಿದವರು ಸುಮಾರು 15 ಮಂದಿ. ಅಷ್ಟೇ ಜನ ಆ ಫಿರಂಗಿಗಳನ್ನು ವಶಪಡಿಸಿಕೊಂಡರು! ಅಂದು ಸೆರೆಸಿಕ್ಕವರು 1,350 ಮಂದಿ. ದಾಳಿಯಿಟ್ಟವರ ಪಕ್ಷದಲ್ಲಿ ಮಡಿದ ಎಂಟು ಮಂದಿಯಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗರೂ ಒಬ್ಬರು. ಅಸುನೀಗಿದ ಕುದುರೆಗಳು 60. ಯುದ್ಧವೇನೋ ಬ್ರಿಟಿಷ್ ಸಾಮ್ರಾಜ್ಯದ್ದೆಂಬುದು ನಿಜ, ಆದರೆ ಅದರಿಂದ ಆ ರಾವುತರ ಎದೆಗಾರಿಕೆಗೆ ಊನವೇನೂ ಇಲ್ಲ.

ಆ ರಾವುತರ ನೆನಪು ಭಾರತದಲ್ಲಿಯೂ ಉಳಿದಿದೆ. ಹೊಸದಿಲ್ಲಿಯಲ್ಲಿ ನೆಹರೂ ಅವರು ವಾಸವಾಗಿದ್ದ ತೀನ್ ಮೂರ್ತಿ ಭವನಕ್ಕೆ ಆ ಹೆಸರು ಬಂದುದು ಅದರೆದುರಿನ ಮೂರು ಕಂಚಿನ ಪ್ರತಿಮೆಗಳಿಂದ. ಅವು ಜೋಧಪುರ, ಹೈದರಾಬಾದು, ಮೈಸೂರು ಅಶ್ವದಳಗಳ ಪ್ರತೀಕಗಳು. ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಒಂದು ಸ್ಮಾರಕಸ್ತಂಭವಿದೆ.