ಗೇಜಿನ ಮುಳ್ಳು ಏಳದಿದ್ದರೆ

ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆಂದರೆ ಮಹಾಲಿಂಗಪುರದವರ ಕಿವಿ ಮೊದಲು ಹೋಗುವುದು ನಂದಗಾಂವ–ಅವರಾದಿ ಸೇತುವೆಯ ಕಡೆಗೆ, ಬೆನ್ನಿಗೇ ಢವಳೇಶ್ವರದ ಕಡೆಗೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ನದಿದಂಡೆಯವರಿಗೆ ದೋಣಿಯೇ ಗತಿಯಾಗಿತ್ತು. ಅಂಥ ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಮೋಟರ್‌ಗೆ ಕೆಲಸ ಬರುವುದು ಹೊಳಿ ಬಂದಾಗ ಮಾತ್ರ. ಉಳಿದ ದಿನವೆಲ್ಲ ಮೂಲೆಯೇ ಗತಿ. ಬೇಕೆಂದಾಗ ತೆಗೆದು ಹಗ್ಗ ಎಳೆದರೆ ಕೈಗೆ ಬಿಗಿಯೇ ಸಿಗುವುದಿಲ್ಲ. ‘ಕಂಪ್ರೆಷನ್ ಇಲ್ರಿ, ಬೋರ್ ಹೋಗೇತಿ’ ಎಂಬ ತೀರ್ಪು ಅಲ್ಲೇ ಬಂದುಬಿಡುತ್ತದೆ. ಕಬ್ಬಿಗೆ ನೀರೆತ್ತುವ ಡೀಸೆಲ್ ಎಂಜಿನ್ ಬಿಚ್ಚಿ ಕೈ ಪಳಗಿದವರೂ ಇಲ್ಲಿ ಅವಸರಪಡುತ್ತಾರೆ.

ಎಂಜಿನ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು. ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಅವುಗಳ ವೈರ್‌ಗಳನ್ನು ಅರ್ಥ್ ಮಾಡಿ, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಸಿಕ್ಕಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಬೇಕು. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರ್‌ಗೆ ಗಾಳಿಯೇ ಸಾಲದು, ಒತ್ತಡ ಎಲ್ಲಿಂದ ಬರಬೇಕು? ಗೇಜಿನ ಪೈಪನ್ನೂ ನೋಡಿ. ಕಾರಿಗೆಂದು ಮಾಡಿದ ಗೇಜಿನಲ್ಲಿ ಪೈಪ್ ಉದ್ದವಿದ್ದು, ಪ್ಲಗ್ ಕಡೆಯ ತುದಿಯಲ್ಲಿ ವಾಲ್ವ್ ಇಲ್ಲದಿದ್ದರೆ ಪೈಪಿನೊಳಗಿನ ಜಾಗವೂ ಸಿಲಿಂಡರಿನ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಎಂಜಿನ್‌ಗೆ ಅದು ನಗಣ್ಯ. ಪಿಸ್ಟನ್ ಮೇಲೇರಿದಾಗ ಹೆಡ್‌ನಲ್ಲಿ ಚಮಚೆಯಷ್ಟೇ ಜಾಗ ಉಳಿಯುವ ಮೋಟರ್‌ನಲ್ಲಿ ಮಾತ್ರ ಮುಳ್ಳು ಸುಳ್ಳು ಹೇಳುತ್ತದೆ. ಸಣ್ಣ ಫೋರ್-ಸ್ಟ್ರೋಕ್‌ಗಳದು ಇನ್ನೊಂದು ಆಟ: ಹಗ್ಗ ಹಗುರಾಗಲೆಂದು ಒತ್ತಡವನ್ನು ತಾನೇ ಬಿಟ್ಟುಕೊಡುವ ಏರ್ಪಾಟು ಕೆಲವುಗಳಲ್ಲಿರುತ್ತದೆ.

ಅನೇಕ ಸಣ್ಣ ಟೂ-ಸ್ಟ್ರೋಕ್‌ಗಳಲ್ಲಿ 90ರಿಂದ 120 ಪಿಎಸ್‌ಐ ಬಂದರೆ ಚಿಂತೆಯಿಲ್ಲ. ಆದರೆ ನನಗೆ ಕೇಳಿದರೆ, ಎರಡು ಸಿಲಿಂಡರ್‌ಗಳ ನಡುವಿನ ಅಂತರವೇ ಹೆಚ್ಚು ಮಾತಾಡುತ್ತದೆ. ಶೇ 10–15 ದಾಟಿದರೆ ಕಾರಣ ಹುಡುಕಲೇಬೇಕು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚೆ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಜಿಗಿದರೆ ರಿಂಗ್ ಇಲ್ಲವೇ ಬೋರ್ ಮೇಲೆ ಸಂಶಯ. ಕದಲದಿದ್ದರೆ ಹೆಡ್ ಗ್ಯಾಸ್ಕೆಟ್, ಫೋರ್-ಸ್ಟ್ರೋಕ್ ಆಗಿದ್ದರೆ ವಾಲ್ವ್. ಪಕ್ಕಪಕ್ಕದ ಎರಡೂ ಒಟ್ಟಿಗೇ ಕುಸಿದಿದ್ದರೆ ಗ್ಯಾಸ್ಕೆಟ್ ನಡುವೆ ಸುಟ್ಟಿರುವ ಸಾಧ್ಯತೆ ಇದೆ.

ನಿಂತು ನಿಂತು ಕೆಟ್ಟ ಮೋಟರ್‌ನಲ್ಲಿ ರಿಂಗ್ ಸವೆದಿರುವುದಕ್ಕಿಂತ ಜಾಮ್ ಆಗಿರುವುದೇ ಹೆಚ್ಚು. ಕಾರ್ಬನ್, ಹಳೆಯ ಆಯಿಲ್ ಸೇರಿ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡ ರಿಂಗ್ ಬೋರಿಗೆ ಒತ್ತುವುದಿಲ್ಲ. ಕಾರ್ಬನ್ ಕರಗಿಸುವ ದ್ರಾವಣ ಬಿಟ್ಟು ರಾತ್ರಿಯಿಡೀ ನೆನೆಹಾಕಿ, ಮರುದಿನ ಫ್ಲೈವೀಲನ್ನು ಕೈಯಿಂದ ತಿರುಗಿಸಿ ಮತ್ತೆ ಅಳೆದರೆ ಎಷ್ಟೋ ಸಲ ಒತ್ತಡ ಮರಳುತ್ತದೆ. ಟೂ-ಸ್ಟ್ರೋಕ್ ಆದರೆ ಎಕ್ಸಾಸ್ಟ್ ಕವರ್ ಬಿಚ್ಚಿ ಪಿಸ್ಟನ್ನಿನ ಮೈ ನೋಡಬಹುದು. ಉದ್ದಕ್ಕೆ ಗೀರು ಬಿದ್ದಿದ್ದರೆ ನೆನೆಹಾಕಿ ಪ್ರಯೋಜನವಿಲ್ಲ. ಆಗ ನೀರಿನ ಪಂಪಿನ ಇಂಪೆಲ್ಲರನ್ನೂ ತೆಗೆದು ನೋಡಿ. ನಮ್ಮ ಹೊಳಿಯ ಪ್ರವಾಹದ ನೀರೆಂದರೆ ಅರ್ಧ ಎರೆಮಣ್ಣು. ಇಂಪೆಲ್ಲರ್ ಸವೆದು, ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾದದ್ದು ಗಮನಕ್ಕೆ ಬಾರದೆ ಓಡಿಸಿದರೆ ಎಂಜಿನ್ ಕಾದು ಪಿಸ್ಟನ್ ಹಿಡಿಯುತ್ತದೆ. ಇಂಪೆಲ್ಲರ್ ಬದಲಿಸದೆ ಹೊಸ ಪಿಸ್ಟನ್ ಹಾಕಿದರೆ ದುಡ್ಡು ದಂಡ.

ಒಮ್ಮೊಮ್ಮೆ ಗೇಜು 110 ತೋರಿಸಿಯೂ ಟೂ-ಸ್ಟ್ರೋಕ್ ಚಾಲೂ ಆಗುವುದಿಲ್ಲ. ಕೆಳಗಿನ ಕ್ರ್ಯಾಂಕ್‌ಕೇಸ್ ಸೋರಿದರೆ ಪೆಟ್ರೋಲ್ ಮಿಶ್ರಣ ಮೇಲೇರದು, ಆ ಸೋರಿಕೆ ಈ ಗೇಜಿಗೆ ಕಾಣದು. ಕ್ರ್ಯಾಂಕ್ ಸೀಲ್, ರೀಡ್ ವಾಲ್ವ್‌ಗಳನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.